ಮಗ್ಗ ನಿಂತಾಗ ಕೇಳಿದ ಸಬ್‌ವೂಫರ್

ಗೆಳೆಯರೇ, ರಬಕವಿಯ ನಮ್ಮ ಓಣಿಯಲ್ಲಿ ಇವತ್ತಿನಿಂದ ಎಲ್ಲರಿಗಿಂತ ಹೆಚ್ಚು ಗದ್ದಲ ಮಾಡುವವಳು ನಾನಂತೆ!

ಬೆಳಿಗ್ಗೆ ಮೆಕ್ಯಾನಿಕ್‌ಗೆ ಕಾಯದೆ, ಟೀವಿ ಪಕ್ಕದ ಸೌಂಡ್ ರಿಸೀವರ್‌ಗೆ ಹೊಸ ಸಬ್‌ವೂಫರಿನ ವೈರ್ ಸಿಕ್ಕಿಸಿ, ಆ ದಪ್ಪ ದನಿಯ ಸ್ಪೀಕರನ್ನು ನಾನೇ ಜೋಡಿಸಿದೆ. ಹಾಡು ಹಚ್ಚಿದರೆ ಅದರ ಧಡಂ ಎನ್ನುವ ಬಾಸ್ ಕೇಳಿಸಲೇ ಇಲ್ಲ. ಕೇಳಿಸುವುದಾದರೂ ಹೇಗೆ? ಗೋಡೆಯ ಆಚೆ, ಪಕ್ಕದ ಮನೆ ಈರಪ್ಪ ಕಾಕಾ ಅವರ ಎಂಟು ಪವರ್‌ಲೂಮ್ ಮಗ್ಗಗಳು ಖಟಖಟ ಬಡಿಯುತ್ತಿದ್ದವು. ಬಾಸ್‌ನ ಬಟನ್ನನ್ನು ತುದಿಯವರೆಗೂ ತಿರುವಿದೆ. ಆಗ ಚೂರು ಕೇಳಿಸಿತು. ಖುಷಿಯಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಮಗ್ಗಗಳು ಒಮ್ಮೆಲೇ ನಿಂತವು. ನಮ್ಮ ಮನೆಯಲ್ಲಿ ಧಡಂ ಧಡಂ! ಶೆಲ್ಫಿನ ತಾಟುಗಳು ಕುಣಿದವು. ಕೈಯಲ್ಲಿದ್ದ ರೊಟ್ಟಿಯ ಸಮೇತ ಕಾಕಾ ಓಡಿಬಂದರು.

“ಏನವ್ವಾ ಇದು, ಗ್ವಾಡಿ ನಡಗಾಕತ್ತೈತಿ! ಮಂದಿ ಊಟಾ ಮಾಡಬೇಕೋ ಬ್ಯಾಡೋ?”

“ಕಾಕಾ, ನಾ ಈ ಮನಿಗೆ ಬಂದಾಗಿಂದ ಈ ಗ್ವಾಡಿ ನಡಗಾಕತ್ತೈತ್ರಿ. ನಿಮಗ ಇವತ್ತ ಗೊತ್ತಾತೇನು?”

“ನಂದು ಹೊಟ್ಟಿಪಾಡವ್ವಾ. ನೀ ಅದನ್ನ ಸಣ್ಣ ಮಾಡು.”

“ಮಾಡ್ತೇನ್ರಿ. ಇದಕ್ಕ ಸಣ್ಣ ಮಾಡೋ ಬಟನ್ ಐತಿ. ನಿಮ್ಮ ಮಗ್ಗಕ್ಕ ಎಲ್ಲೈತಿ, ತೋರಸ್ರಿ.”

ಕಾಕಾ ಬಾಗಿಲಲ್ಲೇ ನಿಂತು ರೊಟ್ಟಿ ಮುಗಿಸಿದರು. ಆಮೇಲೆ ಬೆರಳೆತ್ತಿ ಏನೋ ದೊಡ್ಡದಾಗಿ ಹೇಳಿದರು. ಅಷ್ಟರಲ್ಲಿ ಅವರ ಆಳುಗಳು ಮಗ್ಗಗಳನ್ನು ಮತ್ತೆ ಶುರು ಮಾಡಿದ್ದರು.

ಒಂದಕ್ಷರವೂ ಕೇಳಿಸಲಿಲ್ಲ. ನನ್ನ ಬಾಸ್‌ನ ಬಟನ್ ಇನ್ನೂ ತುದಿಯಲ್ಲೇ ಇದೆ.