ಸದ್ದಿನ ಮದ್ದು

ನಮ್ಮ ಮನೆಯ ಅಟ್ಟದ ಮೇಲೆ ಮದ್ದಿನ ಡಬ್ಬಗಳು ಎರಡಿದ್ದವು. ಒಂದರಲ್ಲಿ ದಪ್ಪ ಕಾಳಿನ ಮದ್ದು, ರಾಗಿಯಷ್ಟು ದಪ್ಪ. ಇನ್ನೊಂದರಲ್ಲಿ ನಯವಾದದ್ದು, ರವೆಯ ಹಾಗೆ. ದಪ್ಪದ್ದು ಏಟಿಗೆ, ನಯದ್ದು ಸದ್ದಿಗೆ. ಹಂದಿಯನ್ನು ಹೊಡೆದು ಕೆಡವುವುದಕ್ಕೆ ಪಂಚಾಯ್ತಿಯವರು ಅನುಮತಿ ಕೊಟ್ಟಾಗ ದಪ್ಪ ಮದ್ದಿಗೆ ಗುಂಡು ಸೇರಿಸಿ ಕೋವಿಯ ತೋಟಾ ತುಂಬುತ್ತಿದ್ದೆ. ಬರೀ ಹೆದರಿಸಿ ಓಡಿಸುವುದಾದರೆ ಗುಂಡಿಲ್ಲದೆ ನಯ ಮದ್ದು, ಮೇಲೆ ಕಾಗದ. ತಪ್ಪಿ ಒಂದಕ್ಕೊಂದು ಹಾಕಿದರೆ ನಳಿಗೆಗೂ ಒಳ್ಳೆಯದಲ್ಲ, ಕೈಗೂ ಒಳ್ಳೆಯದಲ್ಲ. ಅದಕ್ಕೇ ನನ್ನ ಹೆಂಡತಿ ನಯ ಮದ್ದಿನ ಡಬ್ಬಕ್ಕೆ ತನ್ನ ಹಳೇ ಸೀರೆಯ ಅಂಚು ಹರಿದು ಕಟ್ಟಿದ್ದಳು.

ಬೆಳೆ ಕಾಯಲೆಂದು ಅಪ್ಪನಿಗೆ ಸಿಕ್ಕ ಲೈಸೆನ್ಸು ಆಮೇಲೆ ನನ್ನ ಹೆಸರಿಗೆ ಬಂತು, ಅದರೊಟ್ಟಿಗೆ ಈ ಒಂಟಿ ನಳಿಗೆಯ ತೋಟಾ ಕೋವಿಯೂ ಅದರ ಹಿತ್ತಾಳೆ ತೋಟಾಗಳೂ ಬಂದವು. ಈಗಿನವರು ಹೊಡೆದು ಬಿಸಾಡುವ ಪ್ಲಾಸ್ಟಿಕ್ ತೋಟಾ ತರುತ್ತಾರೆ. ನನಗೆ ಅದು ಸೇರುವುದಿಲ್ಲ. ಹಿತ್ತಾಳೆಯದಾದರೆ ಹೊಡೆದ ಮೇಲೆ ತೊಳೆದು, ಒಣಗಿಸಿ ಮತ್ತೆ ತುಂಬಬಹುದು. ತುಂಬುವ ದಿನ ಜಗಲಿಯಲ್ಲಿ ಗೋಣಿ ಹಾಸಿಕೊಂಡು ಕೂತರೆ ಯಾರೂ ನನ್ನನ್ನು ಮಾತನಾಡಿಸುವ ಹಾಗಿಲ್ಲ. ಬೀಡಿ ಸೇದುವವರು ಅಂಗಳ ದಾಟಿ ರಸ್ತೆಯಲ್ಲೇ ನಿಲ್ಲಬೇಕು. ಈ ವಿಷಯದಲ್ಲಿ ನಾನು ಸಿಡುಕ, ಊರಿಗೇ ಗೊತ್ತು.

ಯಾವ ಮದ್ದು ಎನ್ನುವುದರ ಮೇಲೆ ನಮ್ಮಿಬ್ಬರಿಗೂ ಮದುವೆಯಾದಾಗಿನಿಂದ ಜಗಳ. ನಾನು ದಪ್ಪ ಮದ್ದಿನವನು. ಸದ್ದಿಗೆ ಹೆದರಿದ ಹಂದಿ ನಾಲ್ಕು ದಿನ ಬಾರದು, ಐದನೇ ದಿನ ಮರಿಗಳನ್ನೂ ಕರೆದುಕೊಂಡು ಬಂದು ಮರಗೆಣಸಿನ ಸಾಲು ಉತ್ತು ಹೋಗುತ್ತದೆ. ಹಾಗೆಂದರೆ ಅವಳು, “ನಾಕ್ ದಿನ ಸಿಕ್ತಲ್ಲ, ಅಸ್ಟ್ರಲ್ಲಿ ತಿನ್ನಾಕೆ ಬೇಕಾದಸ್ಟು ಕಪ್ಪ ಕಿತ್ಕೊಂಡ್ರಾಯ್ತು,” ಎನ್ನುತ್ತಿದ್ದಳು. ಮರಗೆಣಸಿಗೆ ಇಲ್ಲಿ ಎಲ್ಲರೂ ಕಪ್ಪ ಎಂದೇ ಹೇಳುವುದು. ಒಮ್ಮೆ ನಾನು ಹೊಡೆದ ಹಂದಿ ಹಾಲೂಡುವ ತಾಯಿಯಾಗಿತ್ತು. ಆವತ್ತು ಅವಳು ಊಟ ಬಡಿಸಿ ಒಳಗೆ ಹೋದವಳು ಮಾತೇ ಆಡಲಿಲ್ಲ. ಆದರೆ ನಳಿಗೆ ತೊಳೆಯುವುದಕ್ಕೆ ಬಿಸಿನೀರು ಮಾತ್ರ ಕಾಯಿಸಿ ಇಟ್ಟಿದ್ದಳು. ಕರಿ ಮದ್ದು ಹೊಡೆದ ಕೋವಿಯನ್ನು ಅಂದೇ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ. ಜಗಳವಿರಲಿ ಇಲ್ಲದಿರಲಿ, ನೀರು ಕಾಯಿಸುವುದು ಅವಳ ಕೆಲಸ.

ಅವಳಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ಚುರ, ಅಂದರೆ ಘಾಟಿ, ಇಳಿದು ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋದೆವು. ನರಕ್ಕೆ ಹನಿಹನಿಯಾಗಿ ಬಿಡುವ ಜೋರಾದ ಮದ್ದು ಕೊಟ್ಟರು. ಕೂದಲು ಹೋಯಿತು, ರುಚಿ ಹೋಯಿತು, ಉಗುರು ಕಪ್ಪಾಯಿತು. ಗಡ್ಡೆಯೂ ಹೋಯಿತು ಎಂದರು. ಅವಳು ಎದ್ದು ಓಡಾಡಿದಳು, ಮಾತ್ರೆಯ ಡಬ್ಬವನ್ನು ಅಟ್ಟದ ಕೆಳಗಿನ ಗೂಡಿನಲ್ಲಿಟ್ಟು, “ನಿಮ್ ಮದ್ದು ಮ್ಯಾಲೆ, ನನ್ ಮದ್ದು ಕೆಳ್ಗೆ. ಅದ್ಲುಬದ್ಲು ಮಾಡ್ಬುಟ್ಟೀರಿ ಮತ್ತೆ,” ಎಂದು ನಗಾಡಿದಳು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಗಡ್ಡೆ ಮತ್ತೆ ಬಂತು, ಈ ಸಲ ಒಂದೇ ಕಡೆ ಅಲ್ಲ.

ಡಾಕ್ಟರಮ್ಮ ಒಳ್ಳೆಯವರು. ನಮ್ಮನ್ನು ಕೂರಿಸಿಕೊಂಡು ಮಲಯಾಳದಲ್ಲಿ ನಿಧಾನವಾಗಿ ಹೇಳಿದರು. ಮರುನ್ನು, ಅಂದರೆ ಮದ್ದು, ಎರಡು ರೀತಿ ಇದೆ. ಮೊದಲಿನದಕ್ಕಿಂತಲೂ ಜೋರಾದದ್ದು ಒಂದು, ಅದಕ್ಕೆ ಇಲ್ಲೇ ಇದ್ದು ತೆಗೆದುಕೊಳ್ಳಬೇಕು, ಗೆದ್ದರೆ ಗೆದ್ದಿತು, ಖಾತ್ರಿ ಇಲ್ಲ, ದೇಹ ತಡೆಯುತ್ತದೆಂದೂ ಹೇಳಲಾರೆ. ಇನ್ನೊಂದು ಮನೆಯಲ್ಲೇ ನುಂಗುವಂಥದ್ದು. ಅದು ರೋಗವನ್ನು ಕೊಲ್ಲುವುದಿಲ್ಲ, ಸ್ವಲ್ಪ ಕಾಲ ದೂರ ನಿಲ್ಲಿಸುತ್ತದೆ, ನೋವು ಕಮ್ಮಿ ಮಾಡುತ್ತದೆ. “ಯಾವುದು ಬೇಕು ಅಂತ ಮನೆಗೆ ಹೋಗಿ ಯೋಚಿಸಿ,” ಎಂದರು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಏನೂ ಅನ್ನಿಸಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗೆ, ಚಿವುಟುತ್ತಿದ್ದಾರೆಂದು ಗೊತ್ತಿತ್ತು, ಅಷ್ಟೆ.

ವಾಪಸು ಬರುವಾಗ ಬಸ್ಸು ಬದಲಾಯಿಸುವ ಪೇಟೆಯಲ್ಲಿ ಅವಳನ್ನು ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಮದ್ದಿನ ಅಂಗಡಿಗೆ ಹೋದೆ. ಕಪ್ಪ ಬಲಿಯುವ ಕಾಲ, ಡಬ್ಬಗಳು ಖಾಲಿಯಾಗಿದ್ದವು. ಹೆಂಡತಿಗೆ ಅಂಥ ಸುದ್ದಿ ಹೇಳಿದ ದಿನ ಯಾರಾದರೂ ಕೋವಿಗೆ ಮದ್ದು ತರಲು ಹೋಗುತ್ತಾರೆಯೇ ಎಂದು ಬೇರೆಯವರು ಕೇಳಬಹುದು. ನಾನು ಹೋದೆ. ಅಂಗಡಿಯವರು ಹಳೇ ಪರಿಚಯ. ಲೈಸೆನ್ಸು ನೋಡಿ, ಕನ್ನಡಕ ಹಣೆಗೇರಿಸಿ, “ಏದು ಮರುನ್ನಾ ವೇಂಡದ್?” ಎಂದರು. ಯಾವ ಮದ್ದು ಬೇಕು ಎಂದು. ಮಲಯಾಳದಲ್ಲೂ ನಮ್ಮ ಗತಿಯೇ, ರೋಗಕ್ಕೂ ಕೋವಿಗೂ ಒಂದೇ ಮಾತು. ಅವರು ಮತ್ತೊಮ್ಮೆ ಕೇಳಿದರು. ಜೀವಮಾನದಲ್ಲಿ ಆ ಅಂಗಡಿಯಲ್ಲಿ ತಡವರಿಸಿದವನಲ್ಲ ನಾನು. ಅಂದು ಅವರ ತಕ್ಕಡಿಯನ್ನೇ ನೋಡುತ್ತಾ ನಿಂತೆ. ಕೊನೆಗೆ ಅವರೇ ಎರಡನ್ನೂ ಕಟ್ಟಿಕೊಟ್ಟರು.

ಮರುದಿನ ವೆಳ್ಳಮುಂಡದ ಕಡೆಗೆ ಕೊಟ್ಟ ಮಗಳು ಬಂದಳು. ನಾನು ಜಗಲಿಯಲ್ಲಿ ಗೋಣಿ ಹಾಸಿ, ಎರಡು ಡಬ್ಬವನ್ನೂ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಅವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಜೋರಿಂದೇ ಕೊಡ್ಸಾನ ಅಪ್ಪ. ಅವ್ವ ಗಟ್ಟಿ ಅವ್ಳೆ, ತಡ್ಕತಾಳೆ. ಸುಮ್ನೆ ಮನೇಲಿ ಮಾತ್ರೆ ನುಂಗುಸ್ಕಂಡು ಕೂತ್ರೆ ಅದೇನು ವಾಸಿಯಾದದಾ?”

“ನಾನೂ ಅಂಗೇ ಅನ್ಕಂಡಿವ್ನಿ,” ಎಂದೆ. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ. ಬಂದದ್ದನ್ನು ಹೊಡೆದು ಕೆಡವಬೇಕು, ಓಡಿಸಿದರೆ ಮತ್ತೆ ಬರುತ್ತದೆ. ಇಷ್ಟು ವರ್ಷ ಇದೇ ಹೇಳಿಕೊಂಡು ಬಂದವನಿಗೆ ಬೇರೆ ಯೋಚನೆ ಎಲ್ಲಿಂದ ಬರಬೇಕು?

ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತಲೆಗೆ ಟವೆಲು ಸುತ್ತಿತ್ತು. ಮೆಲ್ಲಗೆ ಬಂದು ಗೋಣಿಯ ಅಂಚಿನಲ್ಲಿ ಕೂತು, ಸೀರೆಯಂಚು ಕಟ್ಟಿದ್ದ ಡಬ್ಬವನ್ನು ನನ್ನ ಕಡೆ ತಳ್ಳಿದಳು.

“ನಂಗೆ ಇದು ಸಾಕು,” ಎಂದಳು.

ಮಗಳಿಗೆ ಅರ್ಥವಾಗಲಿಲ್ಲ. “ಏನವ್ವಾ?”

“ಸದ್ದಿಂದು. ಆ ದಪ್ಪ ಮದ್ದು ಒಂದ್ಸಲ ಹೊಡ್ಸಿ ನೋಡಾಯ್ತು. ಅದು ಹಂದಿಗೆ ಬಿತ್ತೋ ಇಲ್ವೋ, ಗದ್ದೆಗಂತೂ ಬಿತ್ತು. ಇನ್ನು ಓಡ್ಸಿ ಸಾಕು. ನಾಕ್ ದಿನ ಬರ್ದಿದ್ರೆ ನಾಕ್ ದಿನ ನಂದು.”

ಮಗಳು ಅಳುತ್ತಾ ಒಳಗೆ ಹೋದಳು. ನನಗೆ ಕೋಪ ಬಂತು. ಮೂವತ್ತು ವರ್ಷದ ನನ್ನ ವಾದವನ್ನು ಹೀಗೆ ಒಂದು ಮಾತಿನಲ್ಲಿ ಮಗುಚಿ ಹಾಕಿದಳಲ್ಲ ಎಂದು. “ಐದ್ನೇ ದಿನ ಬತ್ತದಲ್ಲೇ, ಆಗ?” ಎಂದೆ. ಗಂಟಲು ಜೋರಾಯಿತು.

“ಬತ್ತದೆ. ಬಂದಾಗ ಬರ್ಲಿ. ನೀವು ತುಂಬ್ಕಳಿ ಈಗ, ಬಿಸ್ಲು ಇಳೀತದೆ,” ಎಂದಳು.

ಗುಂಡಿಲ್ಲದ ತೋಟಾಗಳನ್ನೇ ತುಂಬಿದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಇನ್ನೂ ಕುರ್ಚಿ ಎಳೆದುಕೊಳ್ಳುತ್ತಿದ್ದಂತೆ ಅವಳೇ, “ಮತಿ ಡಾಕ್ಟರೇ,” ಎಂದಳು. ಮತಿ ಎಂದರೆ ಸಾಕು. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ನನ್ನ ತಲೆ ತಾನೇ ಆಡಿತು ಎನ್ನಬೇಕು, ನನ್ನನ್ನು ಅದು ಕೇಳಲಿಲ್ಲ.

ಆಮೇಲಿನ ದಿನಗಳನ್ನು ಒಳ್ಳೆಯ ದಿನಗಳು ಎಂದರೆ ಮಗಳಿಗೆ ಬೇಜಾರಾಗುತ್ತದೆ, ಆದರೂ ಅವು ಕೆಟ್ಟವಾಗಿರಲಿಲ್ಲ. ಅವಳು ಕಪ್ಪ ಬೇಯಿಸಿ ಕಾಂದಾರಿ ಮೆಣಸು ಅರೆದು ತಿಂದಳು. ಕೂದಲು ಕಿವಿ ಮುಚ್ಚುವಷ್ಟು ಬಂತು. ಕಾಳುಮೆಣಸು ಕುಯ್ಯುವ ಕೂಲಿಯವರನ್ನು ಅಂಗಳದಲ್ಲೇ ಕೂತು ಬೈದಳು. ದಿನಾ ಹೊತ್ತು ಮುಳುಗುವ ಸಮಯಕ್ಕೆ ನಾನು ಗದ್ದೆಯ ಬದುವಿನ ಮೇಲೆ ನಿಂತು ಕಾಡಿನ ಕಡೆ ಒಂದು ಹೊಡೆಯುತ್ತಿದ್ದೆ. ಸದ್ದು ಗುಡ್ಡಕ್ಕೆ ತಾಗಿ ತಿರುಗಿ ಬರುತ್ತಿತ್ತು. ಅದು ನಿಂತ ಮೇಲೆ ಒಳಗಿನಿಂದ ಅವಳ ದನಿ.

“ಓಯ್ತಾ?”

“ಓಯ್ತು ಕನೆ.”

“ನಾಳೆ ಬತ್ತದೆ.”

“ಬರ್ಲಿ.”

ಹಂದಿ ಬಂದಿರಲಿ, ಬಾರದಿರಲಿ, ಇಷ್ಟು ಮಾತು ನಡೆಯಲೇಬೇಕು. ಕೆಲವು ದಿನ ಹಂದಿಯ ಸುಳಿವೇ ಇರುತ್ತಿರಲಿಲ್ಲ. ಆದರೂ ಹೊಡೆಯುತ್ತಿದ್ದೆ. ಆಮೇಲೆ ಅವಳು ಕಾಯಿಸಿಟ್ಟ ನೀರಿನಲ್ಲಿ ನಳಿಗೆ ತೊಳೆಯುತ್ತಿದ್ದೆ. ಏಳಲಾಗದ ದಿನಗಳು ಬಂದಾಗಲೂ, ನೋಡಿಕೊಳ್ಳಲು ಬಂದಿದ್ದ ಮಗಳಿಗೆ ಮಲಗಿದಲ್ಲಿಂದಲೇ, “ನಿಮ್ಮಪ್ಪಂಗೆ ನೀರಿಟ್ಟಿದ್ದೀಯಾ?” ಎಂದು ಕೇಳುತ್ತಿದ್ದಳು. ಓಯ್ತಾ ಎನ್ನುವ ದನಿ ದಿನದಿಂದ ದಿನಕ್ಕೆ ಸಣ್ಣದಾಯಿತು. ಕೊನೆಕೊನೆಗೆ ಅದು ಕೇಳಲಿ ಎಂದು ಬದುವನ್ನು ಬಿಟ್ಟು ಅಂಗಳದಲ್ಲೇ ನಿಂತು ಹೊಡೆಯತೊಡಗಿದೆ. ಗದ್ದೆ ಕಾಯುವುದಕ್ಕೆ ಅದು ಏನೂ ಪ್ರಯೋಜನವಿಲ್ಲ, ನನಗೆ ಗೊತ್ತಿತ್ತು.

ಅವಳು ಹೋದದ್ದು ಒಂದು ಬೆಳಿಗ್ಗೆ, ನಾನು ಹಾಲು ಕರೆಯುತ್ತಿದ್ದಾಗ. ಮಗಳು ಕೂಗಿದಳು. ಕರೆಯುವುದನ್ನು ಮುಗಿಸಿ ಎದ್ದೆ. ಬಂದವರೆಲ್ಲ ನಾನು ಗಟ್ಟಿ ಮನುಷ್ಯ ಎಂದರು. ಗಟ್ಟಿಯೂ ಅಲ್ಲ, ಏನೂ ಅಲ್ಲ. ಊಟಕ್ಕೆ ಕರೆದರೆ ಉಂಡೆ, ಮಲಗು ಎಂದರೆ ಮಲಗಿದೆ. ತಿಥಿ ಮುಗಿಸಿ ಮಗಳು ತನ್ನ ಮನೆಗೆ ಹೋದಳು. ಅಷ್ಟು ದಿನ ಕೋವಿ ಮುಟ್ಟಿರಲಿಲ್ಲ. ಹಂದಿಗಳು ಕಪ್ಪದ ಸಾಲು ಸಾಲನ್ನೇ ಮಗುಚಿ ಹಾಕಿದ್ದವು. ನೋಡಿದೆ, ಸಿಟ್ಟು ಕೂಡ ಬರಲಿಲ್ಲ.

ಪಂಚಾಯ್ತಿಯವರು ಹೊಡೆಯುವುದಕ್ಕೆ ಅನುಮತಿ ಕೊಟ್ಟಿದ್ದರು. ಅಟ್ಟದಿಂದ ಡಬ್ಬ ಇಳಿಸಿದೆ. ದಪ್ಪ ಮದ್ದಿನದು ಅಂಗಡಿಯವರು ಕಟ್ಟಿಕೊಟ್ಟ ಹಾಗೇ ಇತ್ತು, ಬಿಚ್ಚಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ನೋಡಿ, ಮತ್ತೆ ಮೇಲಿಟ್ಟೆ. ಇನ್ನೊಂದರ ತಳದಲ್ಲಿ ಒಂದು ತೋಟಾಕ್ಕೆ ಆಗುವಷ್ಟಿತ್ತು. ತುಂಬಿದೆ. ಹೊತ್ತು ಮುಳುಗುವಾಗ ಅಂಗಳದಲ್ಲಿ ನಿಂತು ಹೊಡೆದೆ. ಸದ್ದು ಗುಡ್ಡಕ್ಕೆ ಹೋಗಿ ಬಂದು ನಿಂತಿತು. ನಾನು ಬಾಗಿಲ ಕಡೆ ತಿರುಗಿ ಕಾದೆ.

“ಓಯ್ತು ಕನೆ,” ಎಂದೆ ಕೊನೆಗೆ. “ನಾಳೆ ಬತ್ತದೆ.”

ಅವಳ ಮಾತನ್ನೂ ನಾನೇ ಆಡಿದ್ದು ಆಮೇಲೆ ತಿಳಿಯಿತು. ನಳಿಗೆ ತುಕ್ಕು ಹಿಡಿಯುತ್ತದೆಂದು ಒಳಗೆ ಹೋಗಿ ಒಲೆ ಹಚ್ಚಿದೆ. ನೀರು ಎಷ್ಟು ಇಡಬೇಕೆಂದು ನನಗೆ ಗೊತ್ತಿರಲಿಲ್ಲ.