ಗವಿಯ ಗೋಡೆಯ ಎರಡು ಸಾಲು

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದೆ. ಅವ್ವ, ನಾನು ಇಬ್ಬರೇ ಬನ್ನಿಮಂಟಪದ ಹತ್ತಿರ ಬಾಡಿಗೆ ಮನೆಯಲ್ಲಿದ್ದೆವು. ಕಡಕೊಳದಾಚೆಯ ತನ್ನ ತವರಿಗೆ ಹೋಗಿ ಬಂದ ಅವ್ವ ಒಂದು ಸಂಜೆ ಚೀಲ ಇಳಿಸುವ ಮೊದಲೇ ಹೇಳಿದಳು: “ಗುಡ್ಡದ ಗವಿ ತಾವ ಕಲ್ಲು ಒಡೀತಾವ್ರೆ ಕಣಮ್ಮ. ಇನ್ನೊಂದು ತಿಂಗ್ಳಿಗೆ ಅದೂ ಹೋಯ್ತದೆ.”

ಆ ಗವಿಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಬಂಡೆಯ ನೆಲದಲ್ಲೇ ಕಡೆದ ಮೂರು ಮಂಚಗಳು. ತಲೆಯ ಕಡೆ ದಿಂಬಿನಂತೆ ಒಂದಿಷ್ಟು ಎತ್ತರ. ಹಿಂದೆ ಜೈನಮುನಿಗಳು ಮಳೆಗಾಲವನ್ನು ಅಲ್ಲಿ ಕಳೆಯುತ್ತಿದ್ದರಂತೆ. ನೀರು ಒಳಗೆ ಇಳಿಯದ ಹಾಗೆ ಮೇಲಿನ ಬಂಡೆಯಲ್ಲಿ ಉದ್ದಕ್ಕೆ ತೋಡು ಕೊರೆದಿದ್ದರು. ಗೋಡೆಯ ಮೇಲೆ ಎರಡು ಸಾಲು ಹಳೆಯ ಅಕ್ಷರ.

ಮಾರನೆಯ ದಿನ ಶಾಸನಗಳ ಕಚೇರಿಗೆ ಹೋದೆ. ಅಧಿಕಾರಿಗಳು ಪೂರ್ತಿ ಕೇಳಿಸಿಕೊಂಡರು. “ಬಾಯಿಮಾತಿನ ಮೇಲೆ ಕ್ವಾರಿ ನಿಲ್ಲಿಸೋಕಾಗಲ್ಲಮ್ಮ. ಅಕ್ಷರದ ಅಚ್ಚು ಬೇಕು. ನಮ್ಮವರು ಪ್ರವಾಸದಲ್ಲಿದ್ದಾರೆ.”

“ನಾನೇ ತೆಗೆದು ತಂದರೆ?”

“ತನ್ನಿ, ನೋಡೋಣ.”

ಅದೇ ಕಚೇರಿಯಲ್ಲಿ ಅಚ್ಚು ತೆಗೆದು ನಿವೃತ್ತರಾಗಿದ್ದ ಒಬ್ಬ ಮುದುಕರು ನಮ್ಮ ಬೀದಿಯಲ್ಲೇ ಇದ್ದರು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಅಕ್ಷರದೊಳಗೆ ಕೂರುವ ಹಾಗೆ ಬ್ರಷ್ಷಿನಿಂದ ಬಡಿದು, ಅರೆಬರೆ ಒಣಗಿದ ಮೇಲೆ ಮಸಿ ಹಚ್ಚಿದ ಬಟ್ಟೆಯುಂಡೆ ಒತ್ತುವುದನ್ನು ಅವರ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕಲಿತೆ.

ಮೊದಲ ಭಾನುವಾರ ಅವ್ವನ ಜೊತೆ ಗವಿಗೆ ಹೋದೆ; ಗಾಳಿಗೆ ಕಾಗದ ಹರಿಯಿತು. ಎರಡನೆಯ ಭಾನುವಾರ ಒಣಗುವ ಮೊದಲೇ ಮಸಿ ಒತ್ತಿಬಿಟ್ಟೆ; ಎಲ್ಲಾ ಕಪ್ಪು ರಾಡಿ. ವಾಪಸು ಬರುವಾಗ ಬಸ್ಸಿನಲ್ಲಿ ಅಳು ಬಂತು. ಅವ್ವ ನನ್ನ ಕಡೆ ತಿರುಗದೆ, “ಬುಡು, ಮುಂದ್ಲ ವಾರ ನನ್ನ ಸೀರೆ ತಕ್ಕೊಂಡು ಗಾಳಿಗೆ ಅಡ್ಡ ಕಟ್ಟುವ” ಅಂದಳು.

ಮೂರನೆಯ ವಾರ ಹೋಗುವಷ್ಟರಲ್ಲಿ ಸಿಡಿಮದ್ದಿನ ಹೊಡೆತಕ್ಕೆ ಅಂಚಿನ ಮಂಚ ಸೀಳಿತ್ತು. ಸೀರೆ ಕಟ್ಟಿ ಕಾಗದ ಹಚ್ಚಿದ್ದೆವಷ್ಟೆ, ಕ್ವಾರಿಯ ಮೇಸ್ತ್ರಿ ಬಂದ. “ಆಚೆ ಬನ್ನಿ ಮೇಡಮ್ನೋರೆ, ಮದ್ದು ಇಡ್ಬೇಕು.”

ಅವ್ವ ನಡುವಿನ ಮಂಚದ ಮೇಲೆ ಕೂತುಬಿಟ್ಟಳು. “ನನ್ ಮಗ್ಳ ಕೆಲ್ಸ ಮುಗಿಯೋಗಂಟ ನಾನು ಏಳಾಕಿಲ್ಲ ಕಣಪ್ಪ.”

ಅವನು ಬೀಡಿ ಹಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತ. ಕಾಗದ ಒಣಗುವುದನ್ನು ಮೂವರೂ ನೋಡುತ್ತಾ ಕೂತೆವು. ಮಸಿಯ ನಡುವೆ ಅಕ್ಷರಗಳು ಒಂದೊಂದಾಗಿ ಬೆಳ್ಳಗೆ ಎದ್ದಾಗ ಅವನೇ ಹತ್ತಿರ ಬಂದು ಬಗ್ಗಿದ. ನಾನು ಕಚೇರಿಯ ವಿಷಯ ಹೇಳಿದೆ. “ಬುಧವಾರದ ಗಂಟ ಗುಡ್ಡದ ಆ ಮಗ್ಗುಲಲ್ಲಿ ಒಡೆಸ್ತೀನಿ. ಅದರ ಮೇಲೆ ನನ್ನ ಕೈಲಿಲ್ಲ” ಅಂದ.

ಸೋಮವಾರ ಕಚೇರಿಯ ಬಾಗಿಲು ತೆಗೆಯುವಾಗಲೇ ನಾನು ಅಲ್ಲಿದ್ದೆ. ಅಧಿಕಾರಿಗಳು ಅಚ್ಚನ್ನು ಮೇಜಿನ ಮೇಲೆ ಹರಡಿ ತುಂಬಾ ಹೊತ್ತು ಓದಿದರು. ಊಟ ನೀರು ಬಿಟ್ಟು ವ್ರತ ಹಿಡಿದು ಅಲ್ಲೇ ದೇಹ ಬಿಟ್ಟ ಒಬ್ಬ ಮುನಿಯ ವಿಷಯ. ಹೆಸರಿದ್ದ ಜಾಗ ಸವೆದುಹೋಗಿತ್ತು. ಬುಧವಾರ ಮಧ್ಯಾಹ್ನ ಅವರೇ ಜೀಪಿನಲ್ಲಿ ಹೋಗಿ ಗವಿಯ ಸುತ್ತ ಸುಣ್ಣದ ಗೆರೆ ಎಳೆಸಿದರು. ಗೆರೆಯೊಳಗೆ ಮದ್ದು ಇಡಕೂಡದೆಂದು ಹುಕುಂ ಬಂತು. ಸೀಳಿದ ಮಂಚ ಹೋಯಿತು, ಎರಡು ಉಳಿದವು.

ಗವಿ ತೋರಿಸಲು ನಮ್ಮ ಶಾಲೆಯ ಹುಡುಗಿಯರನ್ನು ಗುಡ್ಡಕ್ಕೆ ಕರೆದೊಯ್ಯುತ್ತೇನೆಂದೆ. ಮನೆಯವರು ಒಪ್ಪುವುದಿಲ್ಲ, ಬೇಡ ಎಂದರು ಶಾಲೆಯ ದೊಡ್ಡ ಮೇಡಂ. ಹನ್ನೊಂದು ಹುಡುಗಿಯರ ಮನೆಗೆ ಹೋಗಿ ತಾಯಂದಿರ ಒಪ್ಪಿಗೆಯ ಚೀಟಿ ತಂದು ಅವರ ಮೇಜಿನ ಮೇಲಿಟ್ಟೆ. ಆ ಶನಿವಾರ ಹೊರಟೆವು.