ಮುಂದಿನ ಸೀಟಿನಲ್ಲಿ ಮೂವರು

ಮಿಲ್ಪಿಟಾಸಿಗೆ ಬಂದ ಮೊದಲ ಆರು ತಿಂಗಳು ನಾನು ಕಂಡ ಅಮೆರಿಕ ಅಂದರೆ ನಮ್ಮ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗ. ಮೇಲಿನ ಮಹಡಿಯ ಅಡುಗೆಮನೆ ಕಿಟಕಿಯಿಂದ ಅದೊಂದೇ ಕಾಣುತ್ತಿತ್ತು. ಬೆಳಿಗ್ಗೆ ಎಂಟೂವರೆಗೆಲ್ಲ ಆ ಜಾಗ ಖಾಲಿಯಾಗುತ್ತಿತ್ತು. ನನ್ನ ಗಂಡನೂ ನಮ್ಮ ಜಪಾನಿ ಕಾರು ತೆಗೆದುಕೊಂಡು ಸ್ಟಾರ್ಟಪ್ಪಿಗೆ ಹೋಗಿಬಿಡುತ್ತಿದ್ದರು. ಆಮೇಲೆ ಉಳಿಯುತ್ತಿದ್ದದ್ದು ಒಂದೇ ಕಾರು. ಕಡುಗೆಂಪು ಬಣ್ಣದ್ದು, ಎಷ್ಟು ಉದ್ದ ಅಂದರೆ ಅದರ ಬಾಲ ಚಾವಣಿಯ ನೆರಳಿನಿಂದ ಆಚೆ ಬಂದು ಬಿಸಿಲಲ್ಲಿರುತ್ತಿತ್ತು. ಇವರು ಅದಕ್ಕೆ ಹಡಗು ಅಂತ ಹೆಸರಿಟ್ಟಿದ್ದರು.

ನಾನು ಮಂಡ್ಯದ ಕಾಲೇಜಿನಲ್ಲಿ ನಾಲ್ಕು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳು. ಇಲ್ಲಿ ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ಕಾರು ಓಡಿಸಲು ಬರುವುದಿಲ್ಲ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೂ ಶನಿವಾರಕ್ಕೆ ಕಾಯಬೇಕು. ಒಂದು ದಿನ ತಾಳ್ಮೆ ತಪ್ಪಿ ಬಸ್ಸು ಹತ್ತಿ ಇಂಡಿಯನ್ ಅಂಗಡಿಗೆ ಹೋದೆ. ಬರುವಾಗ ಹತ್ತು ಕೆಜಿ ಅಕ್ಕಿ ಚೀಲವನ್ನು ಬಿಂದಿಗೆ ಹೊತ್ತ ಹಾಗೆ ಸೊಂಟದ ಮೇಲಿಟ್ಟುಕೊಂಡು ನಡೆಯುತ್ತಿದ್ದೆ. ಕೆಂಪು ಕಾರು ಪಕ್ಕದಲ್ಲಿ ಬಂದು ನಿಂತಿತು.

"ಮೇಲಿನ ಮನೆ ಹುಡುಗಿ ಅಲ್ವಾ? ಹತ್ತು."

ಅವರು ನಮ್ಮ ಕೆಳಗಿನ ಮನೆಯ ಅಮೆರಿಕನ್ ಅಜ್ಜ. ಎಪ್ಪತ್ತು ದಾಟಿತ್ತು. ಎದುರಿಗೆ ನಾನು ಸರ್ ಅನ್ನುತ್ತಿದ್ದೆ, ಮನೆಯೊಳಗೆ ನಮಗೆ ಅವರು ಅಜ್ಜ. ಮುಂದಿನ ಸೀಟು ಸೋಫಾದ ಹಾಗೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಇತ್ತು. ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕಕ್ಕಿತ್ತು. ಅಕ್ಕಿ ಚೀಲವನ್ನು ನಮ್ಮಿಬ್ಬರ ನಡುವೆ ಕೂರಿಸಿದೆ.

"ನಿನಗೆ ಡ್ರೈವಿಂಗ್ ಬರಲ್ವಾ?"

"ಇಲ್ಲ ಸರ್."

"ಕಲೀತೀಯಾ?"

ನನ್ನಪ್ಪ ಮೂವತ್ತು ವರ್ಷ ಬಸ್ಸು ಓಡಿಸಿದವರು. ಬೀದಿಯ ಗಂಡುಹುಡುಗರಿಗೆಲ್ಲ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದ್ದರು. ಮನೆಯಲ್ಲಿದ್ದ ಮೂವರು ಹೆಣ್ಣುಮಕ್ಕಳಿಗೂ ಕಲಿಸಬಹುದು ಅಂತ ಅವರಿಗೆ ಹೊಳೆದಿರಲಿಲ್ಲ. ಕೇಳಬಹುದು ಅಂತ ನಮಗೂ ಹೊಳೆದಿರಲಿಲ್ಲ. ಈ ಪರದೇಶದಲ್ಲಿ ಯಾರೋ ಒಬ್ಬರು ಅದನ್ನು ಕೇಳಿದರು. ಹೂಂ ಅಂತ ತಲೆಯಾಡಿಸಿದೆ.

ಶನಿವಾರ, ಭಾನುವಾರ ಬೆಳಿಗ್ಗೆ ಕಂಪನಿಗಳ ಪಾರ್ಕಿಂಗ್ ಜಾಗಗಳು ಖಾಲಿ ಇರುತ್ತಿದ್ದವು. ಅಲ್ಲೇ ನನ್ನ ಪಾಠ. ಅಜ್ಜ ಆ ಕೆಂಪು ಕಾರಿನ ಬ್ರಾಂಡನ್ನೇ ಮೂವತ್ತು ವರ್ಷ ಶೋರೂಮಿನಲ್ಲಿ ಮಾರಿದವರು. ಅಮೆರಿಕದ ಬಹಳ ಹಳೆಯ ಬ್ರಾಂಡು ಅದು. ಅವರು ನನಗೆ ಬ್ರೇಕು ಹೇಳಿಕೊಡುವಾಗಲೂ ಗಿರಾಕಿಗೆ ಹೇಳುವ ಹಾಗೇ ಹೇಳುತ್ತಿದ್ದರು. "ಮೆತ್ತಗೆ ಒತ್ತಿ ನೋಡು. ನೋಡಿದೆಯಾ, ಎಷ್ಟು ಮರ್ಯಾದೆಯಿಂದ ನಿಲ್ಲುತ್ತೆ!"

ಕಾಲಿಂಗ್ ಕಾರ್ಡಿನಲ್ಲಿ ಅಪ್ಪನಿಗೆ ಫೋನು ಮಾಡಿ ಹೇಳಿದೆ.

"ಕ್ಲಚ್ಚೇ ಇಲ್ಲ ಅಂತೀಯಲ್ಲ ಮಗಾ, ಕ್ಲಚ್ಚಿಲ್ದೆ ಅದು ಹೆಂಗೆ ಗಾಡಿ ಆಯ್ತದೆ?" ಅಂದರು ಅಪ್ಪ.

ಅದನ್ನು ಅಜ್ಜನಿಗೆ ಹೇಳಿದಾಗ ಅವರು ನೆಟ್ಟಗೆ ಕೂತರು. "ಈ ದೇಶದ ಜನರ ಕಾಲಿನಿಂದ ಕ್ಲಚ್ಚು ಬಿಡಿಸಿದ್ದೇ ನಮ್ಮ ಕಾರು ಅಂತ ನಿಮ್ಮಪ್ಪನಿಗೆ ಹೇಳು. ನಾನಾಗ ಚಿಕ್ಕ ಹುಡುಗ. ಬೇರೆಯವರೆಲ್ಲ ಆಮೇಲೆ ನಮ್ಮನ್ನು ನೋಡಿ ಕಲಿತರು."

ಮುಂದಿನ ಫೋನಿನಲ್ಲಿ ಅಪ್ಪ ಸ್ವಲ್ಪ ಯೋಚಿಸಿ, "ಹಂಗಾದ್ರೆ ಅವರೂ ನಮ್ಮ ಕಡೆ ಜನವೇ ಕಣವ್ವ, ಗಾಡಿ ಜನ. ಹೇಳ್ದಂಗೆ ಕೇಳು" ಅಂದರು.

ಎರಡನೇ ಸಲಕ್ಕೆ ನಾನು ಲೈಸೆನ್ಸ್ ಪರೀಕ್ಷೆ ಪಾಸಾದೆ. ಅಜ್ಜ ಐಸ್‌ಕ್ರೀಮು ಕೊಡಿಸಿದರು. ಮದುವೆಯಾದ ಮೇಲೆ ಅಷ್ಟು ಖುಷಿಯಾದ ದಿನ ಇನ್ನೊಂದಿರಲಿಲ್ಲ. ಈ ಮಾತನ್ನು ನನ್ನ ಗಂಡನಿಗೆ ಹೇಳಲಿಲ್ಲ.

ಎರಡು ವಾರವಾಗಿರಬೇಕು. ನಾವಿಬ್ಬರೂ ಲೈಬ್ರರಿಯಿಂದ ವಾಪಸ್ ಬರುತ್ತಿದ್ದೆವು. ಅವತ್ತು ಅಜ್ಜನೇ ಓಡಿಸುತ್ತಿದ್ದರು. ಒಂದು ತಿರುವಿನಲ್ಲಿ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಒಬ್ಬಳು ರಸ್ತೆ ದಾಟುತ್ತಿದ್ದಳು. ಕಾರು ನಿಧಾನವಾಗಲೇ ಇಲ್ಲ.

"ಸರ್, ಬ್ರೇಕು!"

ಅಜ್ಜ ಒತ್ತಿದರು. ಆಕೆಯ ಮೊಣಕಾಲಿಗೂ ಬಂಪರಿಗೂ ಒಂದು ಮಾರು ದೂರವಿತ್ತು. ಆಕೆ ನಮ್ಮನ್ನು ದುರುಗುಟ್ಟಿ ನೋಡಿ ದಾಟಿಹೋದಳು. ಅಜ್ಜ ಕಾರನ್ನು ಪಕ್ಕಕ್ಕೆ ತಂದು ಇಂಜಿನ್ ನಿಲ್ಲಿಸಿದರು.

"ಅವಳು ನನಗೆ ಕಾಣಲೇ ಇಲ್ಲ," ಅಂದರು. "ಅಂಚಿನಲ್ಲಿರೋದು ಕಾಣುತ್ತೆ. ನಡುವೆ ಯಾರೋ ಹೆಬ್ಬೆಟ್ಟಿನಲ್ಲಿ ಒರೆಸಿದ ಹಾಗೆ ಇರುತ್ತೆ."

"ಯಾವಾಗಿನಿಂದ?"

"ಒಂದೂವರೆ ವರ್ಷ. ಮುಂದಿನ ತಿಂಗಳು ಲೈಸೆನ್ಸಿನವರು ಕಣ್ಣಿನ ಪರೀಕ್ಷೆಗೆ ಕರೆದಿದ್ದಾರೆ. ಪಾಸಾಗಲ್ಲ."

ನನಗೆ ಆಗ ಒಂದೊಂದೇ ಗೊತ್ತಾಗತೊಡಗಿತು. "ಹಾಗಾದರೆ ನನಗೆ ಕಲಿಸಿದ್ದು?"

ಅವರು ಸುಳ್ಳು ಹೇಳಲಿಲ್ಲ. "ನನಗೊಬ್ಬರು ಡ್ರೈವರ್ ಬೇಕಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಪ್ಲೆಸೆಂಟನ್ನಿಗೆ ಹೋಗಬೇಕು, ನನ್ನ ಹೆಂಡತಿ ಅಲ್ಲಿ ಕೇರ್ ಹೋಮಿನಲ್ಲಿದ್ದಾಳೆ. ಮೊದಲೇ ಕೇಳೋಕೆ ಬಾಯಿ ಬರಲಿಲ್ಲ."

ಇಷ್ಟು ದಿನ ಅದನ್ನು ನನ್ನ ಮೇಲಿನ ಅಕ್ಕರೆ ಅಂದುಕೊಂಡಿದ್ದೆ. ಸೀಟು ಬದಲಿಸಿ ನಾನೇ ಓಡಿಸಿಕೊಂಡು ಮನೆಗೆ ಬಂದೆ. ಮೂರು ದಿನ ಕೆಳಗಿಳಿಯಲಿಲ್ಲ. ನನ್ನ ಗಂಡ ಎಲ್ಲ ಕೇಳಿ, "ಅವರು ಯಾಕಾದರೂ ಕಲಿಸಲಿ, ನಿನಗೆ ಬಂತಲ್ಲ" ಅಂದರು. ಅದು ನಿಜವಾಗಿದ್ದರಿಂದಲೇ ನನಗೆ ಇನ್ನಷ್ಟು ಸಿಟ್ಟು ಬಂತು.

ಭಾನುವಾರ ಕಿಟಕಿಯಿಂದ ನೋಡಿದೆ. ಅಜ್ಜ ಇಸ್ತ್ರಿ ಮಾಡಿದ ಶರ್ಟು, ಟೈ ಹಾಕಿಕೊಂಡು, ಮಡಿಲಲ್ಲೊಂದು ಹೂವಿನ ಗೊಂಚಲು ಇಟ್ಟುಕೊಂಡು ಮೆಟ್ಟಿಲ ಮೇಲೆ ಟ್ಯಾಕ್ಸಿಗೆ ಕಾಯುತ್ತಿದ್ದರು. ನಾನು ಚಪ್ಪಲಿ ಮೆಟ್ಟಿ ಇಳಿದೆ.

"ಟ್ಯಾಕ್ಸಿ ಬೇಡ ಅಂತ ಹೇಳಿ. ಕೀ ಕೊಡಿ," ಅಂದೆ.

ಮಿಲ್ಪಿಟಾಸಿನಿಂದ ಪ್ಲೆಸೆಂಟನ್ನಿಗೆ ಗುಡ್ಡ ಹತ್ತಿ ಇಳಿಯುವ ಫ್ರೀವೇ. ನನ್ನ ಮೊದಲ ಫ್ರೀವೇ. ಪಕ್ಕದಲ್ಲಿ ಲಾರಿ ಹಾದುಹೋದಾಗಲೆಲ್ಲ ದೇವರ ಹೆಸರು ಹೇಳುತ್ತಿದ್ದೆ. ಅಜ್ಜ ಎದುರಿನ ರಸ್ತೆ ಕಾಣದಿದ್ದರೂ, "ಚೆನ್ನಾಗಿ ಹೋಗ್ತಿದೀಯ, ಚೆನ್ನಾಗಿ ಹೋಗ್ತಿದೀಯ" ಅನ್ನುತ್ತಲೇ ಇದ್ದರು.

ಅವರ ಹೆಂಡತಿಗೆ ಸ್ಟ್ರೋಕ್ ಆಗಿ ಬಲಗಡೆ ಬಿದ್ದುಹೋಗಿತ್ತು. ಮಾತು ಇತ್ತು, ಆದರೆ ಒಂದೊಂದು ಪದಕ್ಕೂ ಕಾಯಬೇಕು. ಬೆಳ್ಳಗಿನ ಪುಟ್ಟ ಹೆಂಗಸು. ನನ್ನನ್ನು ನೋಡಿ, ಅಜ್ಜನನ್ನು ನೋಡಿ, "ಕೊನೆಗೂ... ಕಣ್ಣಿರುವ... ಡ್ರೈವರ್" ಅಂದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಹೊರಗೆ ಸುತ್ತಾಡಿ ಬರಲು ಕೇರ್ ಹೋಮಿನ ವ್ಯಾನು ಅವರಿಗೆ ಆಗುತ್ತಿರಲಿಲ್ಲ, ಮೆಟ್ಟಿಲು ಎತ್ತರ. ಈ ಕಾರಿನ ಸೀಟು ತಗ್ಗು. ಗಾಲಿಕುರ್ಚಿಯಿಂದ ಎತ್ತಿ ಕೂರಿಸಿ ಮೆಲ್ಲಗೆ ನಡುವಿಗೆ ಸರಿಸಿದರೆ ಸಾಕು. ನಾನು ಸ್ಟೇರಿಂಗ್ ಹಿಂದೆ, ಅಜ್ಜಿ ನಡುವೆ, ಅಜ್ಜ ಕಿಟಕಿಯ ಹತ್ತಿರ. ಅಜ್ಜಿ ಬಲಕ್ಕೆ ವಾಲಿದರೆ ಅಜ್ಜನ ಭುಜವಿರುತ್ತಿತ್ತು. ಹೊಸ ಕಾರುಗಳಲ್ಲಿ ಹೀಗೆ ಮೂವರು ಕೂರುವ ಸೀಟೇ ಇರುತ್ತಿರಲಿಲ್ಲ. ಗುಡ್ಡದ ರಸ್ತೆಯಲ್ಲಿ ಒಂದು ಗಂಟೆ ಸುತ್ತಿಸುತ್ತಿದ್ದೆ. ಚಳಿಗಾಲದಲ್ಲಿ ಗುಡ್ಡ ಹಸಿರು, ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣ. ಅಜ್ಜಿ ಕಂಡದ್ದನ್ನೆಲ್ಲ ಒಂದೊಂದೇ ಪದದಲ್ಲಿ ಅಜ್ಜನಿಗೆ ಹೇಳುತ್ತಿದ್ದರು. "ಹಸು... ಮೂರು." ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಂದು."

ಬೆಳಗಿನ ಹೊತ್ತು ನಾನು ಅಜ್ಜನಿಗೆ ಪೇಪರ್ ಓದಿ ಹೇಳುವುದೂ ರೂಢಿಯಾಯಿತು. ಒಂದು ಡಿಸೆಂಬರಿನ ಬೆಳಿಗ್ಗೆ ಬಿಸಿನೆಸ್ ಪುಟ ತಿರುಗಿಸಿದವಳು ಸುಮ್ಮನಾದೆ.

"ಯಾಕೆ ನಿಲ್ಲಿಸಿದೆ? ಓದು."

ಓದಿದೆ. ಅವರ ಬ್ರಾಂಡನ್ನು ಕಂಪನಿ ಮುಚ್ಚಲಿದೆ, ಇರುವ ಮಾಡೆಲ್ಲುಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ ಅಂತ. ಅಜ್ಜ ಇನ್ನೊಂದು ಸಲ ಓದಿಸಿದರು. ಕಾಫಿ ಆರಿತು.

"ಒಂದು ಕಾಲದಲ್ಲಿ," ಅಂದರು, "ಬೆಳಿಗ್ಗೆ ಶೋರೂಮಿನ ಬಾಗಿಲು ತೆಗೆಯೋ ಮೊದಲೇ ಜನ ಹೊರಗೆ ನಿಂತಿರೋರು. ಬಣ್ಣ ಯಾವುದಾದರೂ ಪರವಾಗಿಲ್ಲ, ಒಂದು ಕೊಡಿ ಅನ್ನೋರು. ಮದುವೆ ಆಗೋ ಹುಡುಗ ಹುಡುಗಿ ಉಂಗುರಕ್ಕಿಂತ ಮೊದಲು ನನ್ನ ಹತ್ತಿರ ಬರೋರು. ಆಮೇಲೆ ಕಂಪನಿಯ ಎಲ್ಲ ಬ್ರಾಂಡೂ ಒಂದೇ ಥರ ಕಾಣೋಕೆ ಶುರುವಾಯ್ತು. ಚಿಹ್ನೆ ಮುಚ್ಚಿಟ್ಟರೆ ಯಾವುದು ನಮ್ಮದು ಅಂತ ನನಗೇ ಗೊತ್ತಾಗ್ತಿರಲಿಲ್ಲ. ಹುಡುಗರು ಬರೋದು ನಿಲ್ಲಿಸಿದರು. ಬರ್ತಿದ್ದ ಗಿರಾಕಿಗಳು ನನ್ನ ಜೊತೆಗೇ ಮುದುಕರಾದರು."

ಆರಿದ ಕಾಫಿಯನ್ನು ಪಕ್ಕಕ್ಕೆ ಸರಿಸಿ, "ನನ್ನ ಮಗಳೇ ಜಪಾನಿ ಕಾರು ತಗೊಂಡಳು. ತೋರಿಸೋಕೆ ಅಂತ ತಂದಳು, ಓಡಿಸಿ ನೋಡಿದೆ. ತುಂಬ ಚೆನ್ನಾಗಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ."

ಭಾನುವಾರ ಅವರೇ ಹೆಂಡತಿಗೆ ಸುದ್ದಿ ಹೇಳಿದರು. ಕೈ ಹಿಡಿದುಕೊಂಡು, ಯಾರೋ ತೀರಿಹೋದ ಸುದ್ದಿ ಹೇಳುವ ಹಾಗೆ. ಅಜ್ಜಿ ಬಹಳ ಹೊತ್ತು ಪದಗಳನ್ನು ಹುಡುಕಿದರು.

"ಹಾಗಾದರೆ... ಈಗಲಾದರೂ... ರಿಟೈರ್ ಆಗು."

ಅಜ್ಜ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮುಂದಿನ ವಸಂತದಲ್ಲಿ ನನ್ನ ಗಂಡನ ಸ್ಟಾರ್ಟಪ್ಪು ಮುಚ್ಚಿತು. ಒಂದು ಮಂಗಳವಾರ ಹನ್ನೊಂದು ಗಂಟೆಗೆ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಮನೆಗೆ ಬಂದರು. ಬೇಗ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ, ಊರಿಗೆ ಹೊರಡಬೇಕು. ಊರಿನಲ್ಲಿ ಯಾರಿಗೂ ಹೇಳಬೇಡ ಅಂದರು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು, ಕ್ಷೌರ ಬಿಟ್ಟರು, ನನ್ನ ಜೊತೆ ಮಾತೂ ಬಿಟ್ಟರು.

ಹೀಗೇ ಐದು ವಾರ ಕಳೆದ ಮೇಲೆ ಒಂದು ಶನಿವಾರ ಅಜ್ಜ ಬಾಗಿಲು ತಟ್ಟಿದರು. "ಕಾರು ತೊಳೀಬೇಕು. ಎಲ್ಲಿ ಕೊಳೆ ಇದೆ ಅಂತ ನನಗೆ ಕಾಣಲ್ಲ. ನಿನ್ನ ಗಂಡನನ್ನು ಕಳಿಸು."

ಇವರು ಒಲ್ಲದ ಮನಸ್ಸಿನಿಂದ ಬಕೆಟ್ ಹಿಡಿದು ಹೋದರು. ನಾನು ಅಡುಗೆಮನೆ ಕಿಟಕಿ ತೆರೆದಿಟ್ಟು ಬೀನ್ಸ್ ಹೆಚ್ಚುತ್ತಿದ್ದೆ.

"ನಿಮ್ಮ ಕಂಪನಿ ಏನು ಮಾಡ್ತಿತ್ತು?" ಅಜ್ಜ ಕೇಳಿದ್ದು ಕೇಳಿಸಿತು.

ಇವರು ಐದು ನಿಮಿಷ ವಿವರಿಸಿದರು.

"ನನಗೊಂದೂ ಅರ್ಥ ಆಗಲಿಲ್ಲ," ಅಂದರು ಅಜ್ಜ.

ಬಕೆಟ್ಟಿನಲ್ಲಿ ಬಟ್ಟೆ ಹಿಂಡಿದ ಸದ್ದು. ಆಮೇಲೆ ಇವರು, "ನಿಜ ಹೇಳಬೇಕು ಅಂದರೆ, ನನಗೂ ಪೂರ್ತಿ ಅರ್ಥ ಆಗಿರಲಿಲ್ಲ" ಅಂದರು. ಇಬ್ಬರೂ ಗಟ್ಟಿಯಾಗಿ ನಕ್ಕರು. ಐದು ವಾರದಲ್ಲಿ ಇವರು ನಕ್ಕಿದ್ದನ್ನು ನಾನು ಮೊದಲ ಸಲ ಕೇಳಿದೆ. ಅವತ್ತು ರಾತ್ರಿ ಇವರೇ ಫೋನು ಮಾಡಿ ತಮ್ಮ ಅಪ್ಪ ಅಮ್ಮನಿಗೆ ಎಲ್ಲ ಹೇಳಿದರು. ಕೊನೆಗೆ ಎಮರಿವಿಲ್ಲಿನಲ್ಲಿ ಒಂದು ಸಣ್ಣ ಕಂಪನಿ ಇವರನ್ನು ತೆಗೆದುಕೊಂಡಿತು. ಸಂಬಳ ಮೊದಲಿಗಿಂತ ಕಡಿಮೆ. ನಾವು ಉಳಿದೆವು.

ಅಜ್ಜ ಉಳಿಯಲಿಲ್ಲ. ಕೇರ್ ಹೋಮಿನಲ್ಲಿ ಹೆಂಡತಿಯ ಪಕ್ಕದ ಕೋಣೆ ಖಾಲಿಯಾದಾಗ ಹೊರಟುನಿಂತರು. ಕಾರಿನ ಕಾಗದಪತ್ರ ನನ್ನ ಹೆಸರಿಗೆ ಮಾಡಿಸಿ ಕೊಟ್ಟರು. ಬೇಡ ಅಂದೆ, ಕೇಳಲಿಲ್ಲ. "ನಾನು ಮಾರಿದ ಕಾರುಗಳಲ್ಲಿ ಗಿರಾಕಿ ಯಾರು ಅಂತ ಚೆನ್ನಾಗಿ ನೋಡಿ ಕೊಟ್ಟಿದ್ದು ಇದೊಂದೇ," ಅಂದರು. ಆಮೇಲೆ, ಮುಖ ಬೇರೆ ಕಡೆ ಮಾಡಿ, "ಮೊದಲು ನನಗೋಸ್ಕರ ಕಲಿಸಿದೆ, ನಿಜ. ಎಷ್ಟನೇ ಪಾಠದಲ್ಲಿ ಅದು ನಿನಗೋಸ್ಕರ ಆಯ್ತೋ ಗೊತ್ತಿಲ್ಲ."

ಇನ್ನೊಂದು ವರ್ಷ ಭಾನುವಾರಗಳು ಹಾಗೇ ನಡೆದವು. ಆಮೇಲೆ, ಒಂದು ಫೆಬ್ರವರಿಯಲ್ಲಿ, ಅಜ್ಜಿ ನಿದ್ದೆಯಲ್ಲೇ ಹೋದರು. ಫ್ರೀಮಾಂಟಿನಲ್ಲಿ ಮಣ್ಣಾಯಿತು. ಎಲ್ಲ ಮುಗಿದ ಮೇಲೆ ಕೇರ್ ಹೋಮಿಗೆ ಮಗಳ ಕಾರಿನಲ್ಲಿ ಹೋಗಲು ಅಜ್ಜ ಒಪ್ಪಲಿಲ್ಲ, ನನ್ನ ಜೊತೆ ಬರುತ್ತೇನೆ ಅಂದರು. ಎಂದಿನಂತೆ ಕಿಟಕಿಯ ಹತ್ತಿರ ಕೂತರು.

"ಫ್ರೀವೇ ಬೇಡ," ಅಂದರು. "ಕಣಿವೆ ರಸ್ತೆಯಲ್ಲಿ ಹೋಗೋಣ."

ಹಳ್ಳದ ಪಕ್ಕದಲ್ಲೇ ಸುತ್ತಿ ಬಳಸಿ ಹೋಗುವ ರಸ್ತೆ. ಹಿಂದೆ ಬರುತ್ತಿದ್ದವರಿಗೆ ದಾರಿ ಬಿಟ್ಟು ಬಿಟ್ಟು ನಿಧಾನವಾಗಿ ಓಡಿಸಿದೆ. ಸ್ವಲ್ಪ ದೂರ ಹೋದ ಮೇಲೆ ಅವರು ಕೇಳಿದರು, "ನೀರು ಇದೆಯಾ?"

"ಇದೆ ಸರ್. ಮೊನ್ನೆಯ ಮಳೆಗೆ ತುಂಬ ಬಂದಿದೆ. ಕೆಂಪಗಿದೆ."

"ಮತ್ತೆ?"

"ಆಚೆ ದಡದಲ್ಲಿ ರೈಲು ಹಳಿ. ಗುಡ್ಡ ಪೂರ್ತಿ ಹಸಿರು. ಮೇಲೆ ಒಂದು ಮರ, ಒಂಟಿ."

"ಹಸು?"

ನಾನು ಗುಡ್ಡದ ಕಡೆ ನೋಡಿದೆ. ಒಂದೂ ಇರಲಿಲ್ಲ.

"ಇವತ್ತು ಇಲ್ಲ ಸರ್."

"ಸರಿ," ಅಂದರು. ಸೂನೋಲ್ ಊರು ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ತಿರುವುಗಳಲ್ಲಿ ಅವರ ತಲೆ ಗಾಜಿಗೆ ತಾಗದ ಹಾಗೆ, ಬ್ರೇಕನ್ನು ಮೆತ್ತಗೆ ಒತ್ತುತ್ತಾ ಹೋದೆ.